ಬುಲೆಟ್, ಎರೆ ಮಣ್ಣು ಮತ್ತು ಅರವತ್ತಾರರ ಪಾಠ

ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದಾಗ ಯೋಗಕ್ಷೇಮದ ಮಾತು ಮುಗಿದ ಮೇಲೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: “ಸರ್, ಗಾಡಿ ಇನ್ನೂ ಹೊಡೀತೀರೇನ್ರಿ?” ಬಂಧುಗಳು ಕೇಳುವುದೂ ಇದನ್ನೇ. ಆದರೆ ಅವರ ಧ್ವನಿಯಲ್ಲಿ ಕುತೂಹಲಕ್ಕಿಂತ ಆಕ್ಷೇಪಣೆಯೇ ಹೆಚ್ಚು. ಪುಣೆಯಲ್ಲಿರುವ ಮಗನಂತೂ ಪ್ರತಿ ಭಾನುವಾರ ರಾತ್ರಿ ಫೋನ್ ಮಾಡಿ, ನಾನು ಮನೆ ಸೇರಿದ್ದೇನೆಂದು ಖಾತ್ರಿಯಾದ ಮೇಲೆಯೇ ಊಟಕ್ಕೆ ಕೂಡುತ್ತಾನಂತೆ. ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, 2025ರ ಫೆಬ್ರುವರಿಯಿಂದ ಜೂನ್‌ವರೆಗೆ ಟಿಕೋಟಾ ಸಮೀಪದ ಒಂದು ಹೊಲದಲ್ಲಿ ನಾನು ವಿದ್ಯಾರ್ಥಿಯಾದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ನೀವೇ ತೀರ್ಮಾನಿಸಿರಿ.

ಬೆಂಗಳೂರು, ಅಮೆರಿಕೆಗಳಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಮೊದಲು ನಮ್ಮ ನೆಲದ ಪರಿಚಯ ಮಾಡಿಕೊಡಬೇಕು. ವಿಜಯಪುರ ಜಿಲ್ಲೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಭೂಮಿ. ಒಂದು ಮಡ್ಡಿ, ಇನ್ನೊಂದು ಎರೆ. ಮಡ್ಡಿಯೆಂದರೆ ಕಲ್ಲು, ಗರಸು ತುಂಬಿದ, ಮಣ್ಣಿನ ಆಳ ಕಡಿಮೆಯಿರುವ ಎತ್ತರದ ನೆಲ. ಎರೆಯೆಂದರೆ ಕಪ್ಪು ಮಣ್ಣು. ದಖನ್ ಪ್ರಸ್ಥಭೂಮಿಯ ಕರಿಕಲ್ಲು ಸಾವಿರಾರು ವರ್ಷ ಸವೆದು ಆದ ಜೇಡಿ ಅದು. ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿರುವುದರಿಂದ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ನೆಲ, ಮಳೆಗಾಲದಲ್ಲಿ ಕಾಲಿಟ್ಟವನ ಚಪ್ಪಲಿಯನ್ನು ಬಿಟ್ಟುಕೊಡುವುದಿಲ್ಲ! ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಬಿಳಿಜೋಳ ಬೆಳೆಯುವುದು ಆ ಮಣ್ಣು ಹಿಡಿದಿಟ್ಟುಕೊಂಡ ತೇವದಿಂದಲೇ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಅನ್ನ ಕೊಡುವ ಆ ಗುಣವೇ ದಾರಿಹೋಕನಿಗೆ ಮಾತ್ರ ಸಂಕಟ.

ಈ ಸಂಕಟದ ಪರಿಚಯ ನನಗೆ ಆದದ್ದು 1987ರಲ್ಲಿ. ಬಿ.ಎಡ್. ಮುಗಿಸಿ ವಿಜ್ಞಾನ ಶಿಕ್ಷಕನಾಗಿ ಬಬಲೇಶ್ವರದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ಸೇರಿದ್ದೆ. ವಿಜಯಪುರದಿಂದ, ಅಂದಿನ ಬಿಜಾಪುರದಿಂದ, ಜಮಖಂಡಿ ರಸ್ತೆ ಹಿಡಿದು ಸಾರವಾಡದ ಬಳಿ ಡೋಣಿ ದಾಟಿ ಹೋಗಬೇಕು. ಡಾಂಬರು ರಸ್ತೆ ಬಿಟ್ಟ ಮೇಲೆ ಶಾಲೆಯ ತನಕ ಚಕ್ಕಡಿ ದಾರಿ. ಸಾಲ ಮಾಡಿ ಒಂದು ಹಳೆಯ ಯೆಜ್ಡಿ ಕೊಂಡೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಗಾಡಿಗಳ ತಯಾರಿಕೆ ಆರಂಭಿಸಿ, ಮುಂದೆ ಯೆಜ್ಡಿ ಎಂಬ ಹೆಸರಿನಿಂದ ಮಾರಿ, 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮ ನಾಡಿನಲ್ಲೇ ಹುಟ್ಟಿದ ಗಾಡಿ ಎಂಬ ಅಭಿಮಾನ ಆಗ ಎಲ್ಲರಿಗೂ ಇತ್ತು. ಎರಡು ಕೊಳವೆಗಳ ಆ ಹೊಗೆ, ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಸನ್ನೆಯಿದ್ದ ಆ ಚಮತ್ಕಾರ… ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಸನ್ನೆಯ ತತ್ತ್ವವನ್ನು ಕಲಿತದ್ದು ಪುಸ್ತಕದಿಂದಲ್ಲ, ಆ ಯೆಜ್ಡಿಯಿಂದ.

ಮಳೆಗಾಲದಲ್ಲಿ ಎರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು, ಕಲ್ಲಿನಂತೆ ಗಟ್ಟಿಯಾಗಿ, ಕೊನೆಗೆ ಗಾಲಿ ತಿರುಗುವುದೇ ನಿಂತುಬಿಡುತ್ತಿತ್ತು. ಅದನ್ನು ಕೆರೆಯಲು ನಾನು ಒಂದು ಜಾಲಿ ಕೋಲನ್ನು ಸದಾ ಗಾಡಿಗೆ ಕಟ್ಟಿಕೊಂಡಿರುತ್ತಿದ್ದೆ. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಿದ್ದ ಮಕ್ಕಳು ಹಿಂದಿನಿಂದ ನೂಕುತ್ತಿದ್ದರು. ರಾಡಿ ಮೆತ್ತಿದ ಕಾಲುಗಳೊಂದಿಗೆ ಗುರುಶಿಷ್ಯರು ಒಟ್ಟಿಗೆ ಪ್ರಾರ್ಥನೆಗೆ ನಿಲ್ಲುತ್ತಿದ್ದ ದಿನಗಳನ್ನು ಇದನ್ನು ಓದುತ್ತಿರುವ ಕೆಲವರಾದರೂ ನೆನೆದು ನಗುತ್ತಿರಬಹುದು.

ಈಗಿನ ಮಾತಿಗೆ ಬರುತ್ತೇನೆ. 2019ರಲ್ಲಿ ನಿವೃತ್ತನಾದೆ. 2022ರಲ್ಲಿ ಬಹುದಿನದ ಆಸೆಯಂತೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕೊಂಡೆ. ನಮ್ಮ ಕಡೆ ಆ ಕಂಪನಿಯ ಯಾವ ಗಾಡಿಯಾದರೂ ಬುಲೆಟ್ಟೇ, ಹೀಗಾಗಿ ನಾನೂ ಹಾಗೆಯೇ ಕರೆಯುತ್ತೇನೆ. ಟಿಕೋಟಾ ತಾಲೂಕಿನಲ್ಲಿ ನಮ್ಮ ಹಿರಿಯರ ನಾಲ್ಕು ಎಕರೆ ಹೊಲವಿದೆ. ಪ್ರತಿ ಭಾನುವಾರ ಅಲ್ಲಿಗೆ ಹೋಗಿಬರುವುದು ನನ್ನ ನೇಮ. ಅಥಣಿ ರಸ್ತೆಯಲ್ಲಿ ಮಹಿಳಾ ವಿಶ್ವವಿದ್ಯಾಲಯ, ತೊರವಿ ದಾಟಿ ಟಿಕೋಟಾ ತಲುಪುವ ತನಕ ಇಪ್ಪತ್ತು ಕಿಲೋಮೀಟರಿನಷ್ಟು ಒಳ್ಳೆಯ ರಸ್ತೆ. ಅಲ್ಲಿಂದ ಮುಂದೆ, ಕೊನೆಯ ಮೂರು ಕಿಲೋಮೀಟರ್ ಮಾತ್ರ ಇಂದಿಗೂ ಚಕ್ಕಡಿ ದಾರಿ. ಅರ್ಧ ಮಡ್ಡಿ, ಅರ್ಧ ಎರೆ, ನಡುವೆ ಉಸುಕಿನ ಒಂದು ಹಳ್ಳ.

ಹೋದ ಸಂಕ್ರಾಂತಿಗೆ, ಅಂದರೆ 2025ರ ಜನವರಿಯಲ್ಲಿ, ಮನೆಯಲ್ಲಿ ಎಲ್ಲರೂ ಸೇರಿದಾಗ ಗಾಡಿ ಮಾರುವ ವಿಷಯ ಬಂತು. ಮಗ, ಸೊಸೆ, ಹುಬ್ಬಳ್ಳಿಯ ಮಗಳು, ಅಳಿಯ ಎಲ್ಲರದೂ ಒಂದೇ ಪಕ್ಷ. ನಾನು ಎಲ್ಲರ ವಾದಕ್ಕೂ ಉತ್ತರ ಕೊಟ್ಟೆ. ಕೊನೆಗೆ, ಅಲ್ಲಿಯ ತನಕ ಸುಮ್ಮನಿದ್ದ ನನ್ನ ಶ್ರೀಮತಿ ಒಂದೇ ಮಾತು ಕೇಳಿದಳು:

“ಅಲ್ರೀ, ಆ ಹಾದ್ಯಾಗ ಮಂದಿ ಅಡ್ಡಾಡೂದು ಕಡಿಮಿ. ಗಾಡಿ ಬಿತ್ತಂದ್ರ ಒಬ್ರ ಎತ್ತಾಕ ಬರತೈತೇನ್ರಿ ನಿಮಗ?”

ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವನು ನಾನು. ಪ್ರಯೋಗ ಮಾಡದೆ ಫಲಿತಾಂಶ ಬರೆಯಬಾರದೆಂದು ಸಾವಿರಾರು ಮಕ್ಕಳಿಗೆ ಹೇಳಿದವನು. ಆಕೆಯ ಪ್ರಶ್ನೆಗೆ ಆ ಕ್ಷಣ ನನ್ನಲ್ಲಿ ಉತ್ತರವಿರಲಿಲ್ಲ. “ಮಳೆಗಾಲ ಹತ್ತುವುದರೊಳಗೆ ಉತ್ತರ ಕೊಡುತ್ತೇನೆ, ಬರದಿದ್ದರೆ ಗಾಡಿಯ ವಿಚಾರ ನಿನಗೆ ಬಿಟ್ಟದ್ದು” ಎಂದೆ. ಹೀಗೆ ಪಣಕ್ಕಿಟ್ಟದ್ದು ಬರಿಯ ಗಾಡಿಯನ್ನಲ್ಲ. ಒಬ್ಬನೇ ಹೊಲಕ್ಕೆ ಹೋಗಿ ಬೇವಿನ ನೆರಳಲ್ಲಿ ಕುಳಿತು ಬರುವ ನನ್ನ ಭಾನುವಾರಗಳನ್ನು. ಅರವತ್ತು ದಾಟಿದವರಿಗೆ ಇದರ ಬೆಲೆ ಗೊತ್ತು.

ಗುರು ಸಿಕ್ಕಿದ್ದು ನನ್ನ ಶಿಷ್ಯರಲ್ಲೇ. 1998ರಲ್ಲಿ ನನ್ನ ಕೈಯಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿದ ಹುಡುಗನೊಬ್ಬ, ಈಗ ನಲವತ್ತು ದಾಟಿದ ಗೃಹಸ್ಥ, ಟಿಕೋಟಾದ ಮಗ್ಗುಲಲ್ಲಿ ದ್ರಾಕ್ಷಿ ಪಡ ಮಾಡಿಕೊಂಡಿದ್ದಾನೆ. ಅವನಿಗೆ ಕಚ್ಚಾ ದಾರಿಯ ಮೋಟಾರ್‌ಸೈಕಲ್ ಹುಚ್ಚು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರು ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದಾಗ ಹತ್ತಿದ ಹುಚ್ಚಂತೆ. ಕೋಲಾರದ ಕಡೆ ಸಂತೋಷ್ ಅವರು ಆರಂಭಿಸಿದ ಬಿಗ್ ರಾಕ್ ಡರ್ಟ್ ಪಾರ್ಕಿಗೂ ಹೋಗಿ ಎರಡು ದಿನ ಕಲಿತು ಬಂದಿದ್ದ. ಮಡ್ಡಿಯೂ ಎರೆಯೂ ಕೂಡುವ ತನ್ನ ಎರಡೆಕರೆ ತುಂಡಿನಲ್ಲಿ, ತೊಗರಿ ಕಿತ್ತ ಮೇಲೆ ಬಿತ್ತನೆಯ ತನಕ ಒಂದು ಅಭ್ಯಾಸದ ಜಾಗ ಮಾಡಿಕೊಳ್ಳುತ್ತಾನೆ. ಗರಸಿನ ಒಂದು ಸುತ್ತು, ಎರಡು ಒಡ್ಡುಗಳ ಏರು ಮತ್ತು ಇಳಿಜಾರು, ಹಳ್ಳದಿಂದ ತಂದು ಹರವಿದ ಉಸುಕಿನ ಇಪ್ಪತ್ತು ಹೆಜ್ಜೆ, ಹಳೆಯ ಟೈರುಗಳನ್ನಿಟ್ಟು ಮಾಡಿದ ಎಂಟರ ಆಕೃತಿ, ಕೊನೆಗೆ ಟ್ಯಾಂಕರ್ ನೀರು ಬಿಟ್ಟು ರಾಡಿ ಮಾಡಬಹುದಾದ ಎರೆಯ ಒಂದು ಪಟ್ಟಿ. ನಾನು ಹೇಳಿಕೊಂಡಾಗ ಅವನು ನಗಲಿಲ್ಲ. “ಬರ್ರಿ ಸರ್, ನಿಮ್ಮ ಗಾಡೀನ ತರ್ರಿ. ನನ್ನ ಹಗೂರ ಗಾಡಿ ಮ್ಯಾಲ ಕಲ್ತರ ನಿಮಗೇನೂ ಉಪಯೋಗಿಲ್ಲ” ಎಂದ. ಒಳ್ಳೆಯ ಗುರುವಿನ ಮಾತು!

ಮೊದಲ ಭಾನುವಾರ ಅವನು ಎರಡು ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿದ. ಅವನದು ಹೀರೊ ಎಕ್ಸ್‌ಪಲ್ಸ್ 200, ಸುಮಾರು 155 ಕಿಲೋ. ನನ್ನದು 195 ಕಿಲೋ. ಅವನ ಗಾಡಿಯ ಹೊಟ್ಟೆ ನೆಲದಿಂದ 220 ಮಿಲಿಮೀಟರ್ ಎತ್ತರ, ನನ್ನದು 170. ಅವನ ಮುಂದಿನ ಗಾಲಿ 21 ಇಂಚು, ನನ್ನದು 19. ಟೈರುಗಳನ್ನು ಮುಟ್ಟಿ ನೋಡಿದರಂತೂ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಅವನ ಟೈರಿನ ಗಡ್ಡೆಗಳ ನಡುವೆ ಮಣ್ಣು ಕಚ್ಚಲು ಜಾಗವಿದೆ, ನನ್ನ ಟೈರು ಡಾಂಬರನ್ನು ಅಪ್ಪಿಕೊಳ್ಳಲು ಮಾಡಿದ್ದು. ಬುಲೆಟ್ಟಿನ ವಂಶ ಕಚ್ಚಾ ದಾರಿಗೆ ಹೊಸದೇನಲ್ಲ. 1952ರಲ್ಲಿ ಜಾನಿ ಬ್ರಿಟನ್ ಎಂಬ ಆಂಗ್ಲ ಸವಾರರು ರಾಯಲ್ ಎನ್‌ಫೀಲ್ಡ್ ಮೇಲೆಯೇ ಸ್ಕಾಟ್‌ಲೆಂಡಿನ ಆರು ದಿನಗಳ ಬೆಟ್ಟದ ಸ್ಪರ್ಧೆ ಗೆದ್ದಿದ್ದರು. ಆದರೆ ಸ್ಪರ್ಧೆಗೆಂದು ಸಜ್ಜುಗೊಳಿಸಿದ ಗಾಡಿ ಬೇರೆ, ನನ್ನ ಗಾಡಿ ಬೇರೆ; ಬ್ರಿಟನ್ನರು ಬೇರೆ, ಮೊಣಕಾಲು ನೋವಿನ ನಿವೃತ್ತ ಮಾಸ್ತರರು ಬೇರೆ.

ಪಾಠ ಆರಂಭವಾದದ್ದು ಗಾಡಿಯಿಂದಲ್ಲ, ಉಡುಪಿನಿಂದ. ಹೆಲ್ಮೆಟ್, ಮೊಣಕಾಲು ಮೊಣಕೈಗಳಿಗೆ ಕವಚ, ಹಿಮ್ಮಡಿ ಮುಚ್ಚುವ ಬೂಟು. ಆಮೇಲೆ ಟೈರುಗಳಿಂದ ಸ್ವಲ್ಪ ಗಾಳಿ ಇಳಿಸಿದ. ಗಾಳಿ ಇಳಿದರೆ ಟೈರು ನೆಲದ ಮೇಲೆ ಅಗಲವಾಗಿ ಕೂರುತ್ತದೆ, ಗರಸಿನ ಕಲ್ಲುಗಳ ಮೇಲೆ ಪುಟಿಯುವುದು ಕಡಿಮೆಯಾಗುತ್ತದೆ. ಆದರೆ ನನ್ನದು ಕಡ್ಡಿ ಗಾಲಿ, ಒಳಗೆ ಟ್ಯೂಬ್ ಇದೆ. ತೀರ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಕತ್ತರಿಸುತ್ತದೆ. “ಆಸಿ ಬ್ಯಾಡ, ಸ್ವಲ್ಪ ಸಾಕು” ಎಂದ. ಮರಳಿ ಡಾಂಬರಿಗೆ ಹೋಗುವ ಮುನ್ನ ಗಾಳಿ ತುಂಬಲು ಪಂಪನ್ನೂ ಇಟ್ಟುಕೊಂಡಿದ್ದ.

ಎರಡನೆಯದು ನಿಂತು ಓಡಿಸುವುದು. ಕಾಲಿಡುವ ಮೆಟ್ಟುಗಳ ಮೇಲೆ ನಿಂತು, ಮೊಣಕಾಲುಗಳಿಂದ ಟ್ಯಾಂಕನ್ನು ಹಿಡಿದು, ಮೊಣಕೈಗಳನ್ನು ಹೊರಕ್ಕೆ ಚಾಚಿ, ಕಣ್ಣುಗಳನ್ನು ಮುಂದಿನ ಗಾಲಿಯ ಮೇಲಲ್ಲ, ಹದಿನೈದು ಇಪ್ಪತ್ತು ಹೆಜ್ಜೆ ಮುಂದಕ್ಕೆ ನೆಡಬೇಕು. ನಿಂತರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ ಎಂದು ಅವನು ಹೇಳಿದಾಗ ನನ್ನೊಳಗಿನ ಮಾಸ್ತರ ಸುಮ್ಮನಿರಲಿಲ್ಲ. “ತಮ್ಮಾ, ಮನುಷ್ಯ ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರುತ್ತದೆಯೇ ಹೊರತು ಇಳಿಯುವುದಿಲ್ಲ” ಎಂದೆ. ಇಬ್ಬರೂ ಹೊಲದ ಮಣ್ಣಿನಲ್ಲೇ ಕಡ್ಡಿಯಿಂದ ಚಿತ್ರ ಬರೆದು ಚರ್ಚಿಸಿದೆವು. ಲಾಭವಿರುವುದು ಬೇರೆಡೆ. ಕುಳಿತಾಗ ನನ್ನ 68 ಕಿಲೋ ಗಾಡಿಗೆ ಅಂಟಿಕೊಂಡು ಅದರೊಂದಿಗೇ ಕುಲುಕುತ್ತದೆ. ನಿಂತಾಗ ಮೊಣಕಾಲುಗಳು ಸ್ಪ್ರಿಂಗಿನಂತೆ ಕೆಲಸ ಮಾಡಿ, ಕೆಳಗೆ ಗಾಡಿ ಹೇಗೇ ಅಲುಗಿದರೂ ಮೇಲಿನ ದೇಹ ಸ್ಥಿರವಾಗಿರುತ್ತದೆ. ಗಾಡಿಯನ್ನು ಒಂದು ಬದಿಗೆ ಒರಗಿಸಿ, ದೇಹವನ್ನು ಇನ್ನೊಂದು ಬದಿಗೆ ತೂಗಿಸಲೂ ಬರುತ್ತದೆ. ಎಂಟರ ಆಕೃತಿಯ ಸಣ್ಣ ತಿರುವುಗಳಲ್ಲಿ ಇದೇ ನಮ್ಮನ್ನು ಕಾಯುವುದು. ಅವನು ಒಪ್ಪಿದ, “ಕಾರಣ ನೀವು ಹೇಳ್ರಿ ಸರ್, ಮಾಡೂದು ನಾ ಹೇಳ್ತೀನಿ” ಎಂದ. ಅಲ್ಲಿಂದ ಮುಂದೆ ನಮ್ಮ ಒಪ್ಪಂದ ಹಾಗೆಯೇ ನಡೆಯಿತು.

ಕಲಿಯಲು ಅತ್ಯಂತ ಕಷ್ಟವಾದದ್ದು ಕೈ ಸಡಿಲಿಸುವುದು. ಗರಸಿನ ಮೇಲೆ ಮುಂದಿನ ಗಾಲಿ ಅತ್ತಿತ್ತ ಸರಿದಾಡುವುದು ಸಹಜ. ಮುಂದಕ್ಕೆ ಚಲಿಸುತ್ತಿರುವ ತನಕ ಗಾಲಿ ತಾನಾಗಿಯೇ ನೇರವಾಗಲು ಹವಣಿಸುತ್ತದೆ. ಹೆದರಿ ಹ್ಯಾಂಡಲ್ಲನ್ನು ಬಿಗಿಹಿಡಿದರೆ ಆ ಅವಕಾಶವನ್ನು ನಾವೇ ಕಿತ್ತುಕೊಂಡಂತಾಗುತ್ತದೆ. “ಸಡ್ಲ ಬಿಡ್ರಿ ಸರ್, ಅದರ ಪಾಡಿಗೆ ಅದು ಹೊಕ್ಕೈತಿ… ಕೋಳಿಮರಿ ಹಿಡದಂಗ ಹಿಡೀರಿ” ಎಂದು ಅವನು ಒಡ್ಡಿನ ಮೇಲೆ ನಿಂತು ಕೂಗುತ್ತಿದ್ದ. ಉಸುಕಿನಲ್ಲಿಯೂ ಇದೇ ಮಾತು, ಜೊತೆಗೆ ನಿಲ್ಲದಂತೆ ಹದವಾದ ಓಟ ಬೇಕು. ಮಧ್ಯದಲ್ಲಿ ಆಕ್ಸಿಲರೇಟರ್ ಬಿಟ್ಟರೆ ಭಾರವೆಲ್ಲ ಮುಂದಿನ ಗಾಲಿಗೆ ಬಿದ್ದು ಅದು ಹೂತುಕೊಳ್ಳುತ್ತದೆ.

ಬ್ರೇಕಿನ ಪಾಠವೂ ಹೊಸದೇ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಎಲ್ಲ ಹೊಸ ಗಾಡಿಗಳಿಗೂ ಎ.ಬಿ.ಎಸ್. ಕಡ್ಡಾಯ. ಡಾಂಬರಿನ ಮೇಲೆ ಜೀವ ಉಳಿಸುವ ವ್ಯವಸ್ಥೆ ಅದು. ಆದರೆ ಸಡಿಲ ಗರಸಿನ ಇಳಿಜಾರಿನಲ್ಲಿ ಗಾಲಿ ಜಾರುವ ಸೂಚನೆ ಸಿಕ್ಕೊಡನೆ ಅದು ಹಿಡಿತವನ್ನು ಬಿಟ್ಟು ಹಿಡಿಯುವುದರಿಂದ, ನಿಲ್ಲಲು ಬೇಕಾದ ದೂರ ಹೆಚ್ಚಾಗುತ್ತದೆ. ಆದ್ದರಿಂದ ಇಳಿಯುವ ಮುನ್ನವೇ ಒಂದನೇ ಗೇರಿಗೆ ಬಂದು, ಎಂಜಿನ್ನಿನ ಹಿಡಿತವನ್ನೇ ಮುಖ್ಯ ಬ್ರೇಕ್ ಮಾಡಿಕೊಂಡು, ದೇಹವನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕುಗಳನ್ನು ಮೆಲ್ಲಗೆ ಮುಟ್ಟುತ್ತ ಇಳಿಯಬೇಕು.

ವೇಗದ ಲೆಕ್ಕವನ್ನು ಮಾತ್ರ ನಾನೇ ಅವನಿಗೆ ಕಲಿಸಿದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿರುವ ದೇಹದ ಚಲನಶಕ್ತಿ, ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಎತ್ತರದಿಂದ ಬಿದ್ದುದಕ್ಕೆ ಸಮ. ವೇಗ 40 ಆದರೆ ಎತ್ತರ ಇಮ್ಮಡಿಯಲ್ಲ, ನಾಲ್ಕು ಮಡಿ, ಸುಮಾರು 6.3 ಮೀಟರ್. ಅಂದರೆ ಕಟ್ಟೆಯಿಂದ ಬೀಳುವುದಕ್ಕೂ ಮಾಳಿಗೆಯಿಂದ ಬೀಳುವುದಕ್ಕೂ ಇರುವ ವ್ಯತ್ಯಾಸ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಹತ್ತನೇತ್ಯಾಗ ಹಿಂಗ ಹೇಳಿದ್ರ ನಾ ಅವತ್ತ ನೆಪ್ಪಿಟ್ಕೋತಿದ್ನಿ” ಎಂದು ನಕ್ಕ.

ಬೀಳುವುದು, ಏಳುವುದು ಕೊನೆಯ ಅಧ್ಯಾಯ. ನನ್ನ ಪರೀಕ್ಷೆಯೂ ಅದೇ. ಮಾರ್ಚ್‌ನ ಒಂದು ಭಾನುವಾರ ಶ್ರೀಮತಿಯೂ ಬಂದಳು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಂಡು ಬೇವಿನ ಮರದ ಕೆಳಗೆ ಕುಳಿತಳು. ಮೇಲ್ವಿಚಾರಕಿಯ ಎದುರು ಪರೀಕ್ಷೆ ಬರೆಯುವವನ ಸ್ಥಿತಿ ನನ್ನದು.

ಗಾಡಿ ಎತ್ತುವ ಕ್ರಮ ಹೀಗಿದೆ. ಎಂಜಿನ್ ಆರಿಸಬೇಕು. ಗಾಲಿ ಉರುಳದಂತೆ ಗೇರಿನಲ್ಲಿಡಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಟ್ಟುಕೊಳ್ಳಬೇಕು, ಎದ್ದ ಗಾಡಿ ಆ ಕಡೆ ಉರುಳಿ ಬೀಳದಂತೆ ಅದು ತಡೆಯುತ್ತದೆ. ಬಳಿಕ ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಆನಿಸಿ ಕುಕ್ಕರಗಾಲಿನಲ್ಲಿ ಕೂಡಬೇಕು. ಒಂದು ಕೈ ಕೆಳಗಿನ ಹ್ಯಾಂಡಲ್ ಹಿಡಿಯಲ್ಲಿ, ಇನ್ನೊಂದು ಕೈ ಹಿಂದಿನ ಕಬ್ಬಿಣದ ಹಿಡಿಕೆಯಲ್ಲಿ. ಬೆನ್ನು ನೆಟ್ಟಗೆ. ತೊಡೆಗಳ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ನೂಕಬೇಕು. 195 ಕಿಲೋ ಗಾಡಿಯನ್ನು ಹೀಗೆ ಒಂದು ಅಂಚಿನ ಮೇಲೆ ತಿರುಗಿಸುವಾಗ ಆರಂಭದಲ್ಲಿ ಬೇಕಾಗುವ ಬಲ ಒಟ್ಟು ಭಾರದ ಸುಮಾರು ಅರ್ಧ. ಮೇಲೇರುತ್ತ ಹೋದಂತೆ ಅದು ಕಡಿಮೆಯಾಗುತ್ತದೆ. ಕಷ್ಟವೆಲ್ಲ ಮೊದಲ ಒಂದು ಗೇಣಿನಲ್ಲಿಯೇ ಇದೆ. ಲೆಗ್ ಗಾರ್ಡ್ ಇದ್ದರೆ ಗಾಡಿ ಪೂರ್ತಿ ಮಲಗದೆ ಓರೆಯಾಗಿ ನಿಲ್ಲುವುದರಿಂದ ಆ ಮೊದಲ ಗೇಣು ನಮಗೆ ಉಚಿತವಾಗಿ ಸಿಕ್ಕಂತೆ.

ಮೊದಲ ಸಲ ಏಳಲಿಲ್ಲ. ಎರಡನೆಯ ಸಲ ಅರ್ಧಕ್ಕೆ ನಿಂತಿತು. ಶಿಷ್ಯ ಕೈಕಟ್ಟಿ ನಿಂತಿದ್ದ. ಮುಟ್ಟಬಾರದೆಂದು ನಾನೇ ಹೇಳಿದ್ದೆ. ಅವನ ಮುಖ ನೋಡಿದಾಗ ನನಗೆ ನನ್ನದೇ ತರಗತಿ ನೆನಪಾಯಿತು. ಕಪ್ಪುಹಲಗೆಯ ಮುಂದೆ ಲೆಕ್ಕಕ್ಕೆ ತಡವರಿಸುವ ಹುಡುಗನಿಗೆ ಮುಂದಿನ ಹೆಜ್ಜೆ ಹೇಳಿಬಿಡಲು ನಾಲಿಗೆ ತುದಿಗೆ ಬಂದಿದ್ದರೂ ತಡೆದುಕೊಂಡು ನಿಲ್ಲುವುದು ಎಷ್ಟು ಕಷ್ಟವೆಂದು ಶಿಕ್ಷಕರಾದವರಿಗೆ ಗೊತ್ತು. ಅವನು ಆ ಕಷ್ಟವನ್ನು ನನಗಾಗಿ ಪಡುತ್ತಿದ್ದ. ಮೂರನೆಯ ಸಲ ಪಾದಗಳನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಎದ್ದೆ, ಗಾಡಿಯೂ ಎದ್ದಿತು! ಆ ದಿನ ಮತ್ತೆರಡು ಸಲ, ಏಪ್ರಿಲ್‌ನಲ್ಲಿ ಪ್ರತಿ ಭಾನುವಾರ ಒಂದೊಂದು ಸಲ ಎತ್ತಿದೆ. ಒಣ ನೆಲದ ಮಟ್ಟಿಗೆ ಉತ್ತರ ಸಿಕ್ಕಿತ್ತು. ಶ್ರೀಮತಿ ಮಾತ್ರ, “ಇದು ಬ್ಯಾಸಗಿ ಪರೀಕ್ಷೆ ಆತು. ನಾ ಕೇಳಿದ್ದು ಬರೇ ಬ್ಯಾಸಗೀದಲ್ಲ” ಎಂದಳು.

ಜೂನ್ ಮೊದಲ ವಾರ ಮಳೆ ಬಿತ್ತು. ಟ್ಯಾಂಕರ್ ತರಿಸುವ ಪ್ರಮೇಯವೇ ಬರಲಿಲ್ಲ. ಎರೆಯ ಪಟ್ಟಿ ಮಿರಿಮಿರಿ ಹೊಳೆಯುತ್ತಿತ್ತು. ನಡಿಗೆಯ ವೇಗದಲ್ಲಿ ಒಳಹೊಕ್ಕೆ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿನ ಗೆರೆಗಳೆಲ್ಲ ಮುಚ್ಚಿ, ಗಾಲಿ ಕಪ್ಪು ಬೆಣ್ಣೆಯ ಉಂಡೆಯಾಯಿತು. ಹಿಂದಿನ ಗಾಲಿ ಒಂದೇ ಕಡೆ ತಿರುಗಿತು, ಗಾಡಿ ಮೆಲ್ಲಗೆ ಎಡಕ್ಕೆ ಒರಗಿ ಮಲಗಿತು. ಕಲಿತಂತೆ ಕಾಲು ಎಳೆದುಕೊಂಡು ಪಕ್ಕಕ್ಕೆ ಸರಿದೆ. ಪೆಟ್ಟೇನೂ ಆಗಲಿಲ್ಲ.

ಬೆನ್ನು ಕೊಟ್ಟು ಕುಳಿತೆ. ನೂಕಿದೆ. ಗಾಡಿ ಏಳಲಿಲ್ಲ, ನನ್ನ ಪಾದಗಳೇ ಹಿಂದಕ್ಕೆ ಜಾರಿದವು. ಒಂದೊಂದು ಬೂಟಿಗೂ ಕಿಲೋಗಟ್ಟಲೆ ಮಣ್ಣು. ಮಣ್ಣು ಕೆರೆದು ಮತ್ತೆ ನೂಕಿದೆ. ಈ ಸಲ ಗಾಡಿಯೇ ನನ್ನ ಮುಂದೆ ಒಂದು ಗೇಣು ಸರಿಯಿತು. ನಾಲ್ಕು ಸಲ, ಐದು ಸಲ. ನಮ್ಮ ಕಡೆಯ ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನೋಡಿದವರಿಗೆ ಇದು ತಿಳಿಯುತ್ತದೆ. ಉರುಳದ ಗಾಲಿಯ ಬಂಡಿಯನ್ನು ಎಳೆಯುವ ಎತ್ತು ಎಷ್ಟೇ ಬಲಿಷ್ಠವಾಗಿದ್ದರೂ ಗೊರಸು ಊರಲು ನೆಲ ಬೇಕು. ಬಲ ನನ್ನ ತೊಡೆಗಳಲ್ಲಿ ಇನ್ನೂ ಇತ್ತು, ಅದನ್ನು ಇಟ್ಟುಕೊಳ್ಳಲು ನೆಲವಿರಲಿಲ್ಲ. ಎದೆ ಬಡಿತ ಕಿವಿಗೆ ಕೇಳಿಸತೊಡಗಿದಾಗ ನಿಲ್ಲಿಸಿದೆ.

ಶಿಷ್ಯನೂ ಅವನ ಆಳೂ ಬಂದು ಮೂವರೂ ಸೇರಿ ಎತ್ತಿದೆವು. ಮೂವರಿಗೂ ಎರಡು ಪ್ರಯತ್ನ ಬೇಕಾಯಿತು. ಯಾರೂ ಮಾತಾಡಲಿಲ್ಲ. ಶ್ರೀಮತಿ ನೀರಿನ ತಂಬಿಗೆ ಹಿಡಿದು ರಾಡಿಯ ಅಂಚಿನ ತನಕ ಬಂದಿದ್ದಳು. ಗೆದ್ದೆನೆಂಬ ಭಾವ ಅವಳ ಮುಖದಲ್ಲಿ ಇರಲಿಲ್ಲವೆಂಬುದನ್ನು ಇಲ್ಲಿ ಬರೆಯಲೇಬೇಕು. “ಮೊದಲ ಕೈಕಾಲ ತೊಳಕೋರಿ” ಎಂದಳು, ಅಷ್ಟೇ.

ಊಟದ ನಂತರ ನಾನೇ ಫಲಿತಾಂಶ ಹೇಳಿದೆ. ಒಣ ನೆಲದಲ್ಲಿ ಬರುತ್ತದೆ, ಹಸಿ ಎರೆಯಲ್ಲಿ ಬರುವುದಿಲ್ಲ. ಮಾತಿನಂತೆ ತೀರ್ಮಾನ ಅವಳದು. ಸ್ವಲ್ಪ ಹೊತ್ತು ಯೋಚಿಸಿ ಅವಳು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. “ಅರ್ಧಾ ಪಾಸ್ ಆಗೀರಿ. ಅರ್ಧಾ ವರ್ಷ ಹೊಡೀರಿ” ಎಂದಳು. ಶಿಷ್ಯ ಜೋರಾಗಿ ನಕ್ಕ. ಆದರೆ ಆ ಮಾತಿನಲ್ಲಿ ನ್ಯಾಯವಿತ್ತು. ನಾವು ಕುಳಿತು ನಿಯಮಗಳನ್ನು ಬರೆದುಕೊಂಡೆವು. ಮೊದಲ ಮಳೆಯಿಂದ ದೀಪಾವಳಿಯ ತನಕ ಗಾಡಿ ಡಾಂಬರಿನ ಅಂಚಿನಲ್ಲಿರುವ ಚಹಾ ಅಂಗಡಿಯ ಬಳಿ ನಿಲ್ಲಬೇಕು; ಮುಂದಿನ ಮೂರು ಕಿಲೋಮೀಟರ್ ಕಾಲುನಡಿಗೆ. ಉಳಿದ ದಿನಗಳಲ್ಲಿ ಚಕ್ಕಡಿ ದಾರಿಯ ಮೇಲೆ ವೇಗ 20 ಮೀರಬಾರದು. ಹೊಲ ತಲುಪಿದ ಕೂಡಲೇ, ಹೊರಟ ಕೂಡಲೇ ಫೋನ್ ಮಾಡಬೇಕು. ಪ್ರತಿ ಫೆಬ್ರುವರಿಯಲ್ಲಿ ಇದೇ ಹೊಲದಲ್ಲಿ ಒಣ ನೆಲದ ಪರೀಕ್ಷೆ. ಮೂರು ಪ್ರಯತ್ನಗಳಲ್ಲಿ ಗಾಡಿ ಏಳದ ವರ್ಷ ಬೀಗದಕೈ ಹುಬ್ಬಳ್ಳಿಯ ಮೊಮ್ಮಗಳಿಗೆ. ಹುಡುಗಿಗೆ ಬುಲೆಟ್ ಯಾಕೆ ಎಂದು ಮೂಗೆಳೆಯುವ ಬಂಧುಗಳಿಗೆ ಒಂದು ಮಾತು: 2019ರಲ್ಲಿ ಮಹಿಳೆಯರ ವಿಭಾಗದಲ್ಲಿ ಎಫ್‌.ಐ.ಎಂ. ಬಾಹಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ ಬೆಂಗಳೂರಿನ ಹೆಣ್ಣುಮಗಳೇ. ಮೊಮ್ಮಗಳಿಗೆ ಹದಿನೆಂಟು ತುಂಬಿ ಲೈಸೆನ್ಸ್ ಬರುವ ತನಕವಾದರೂ ತೊಡೆಗಳನ್ನು ಗಟ್ಟಿಯಾಗಿ ಇಟ್ಟುಕೊಳ್ಳುವುದು ನನ್ನ ಹೊಣೆ. ಅದಕ್ಕಾಗಿ ದಿನಾ ಬೆಳಿಗ್ಗೆ ಇಪ್ಪತ್ತು ಬೈಠಕ್ ಹೊಡೆಯುತ್ತಿದ್ದೇನೆ.

ನಿಯಮದಂತೆ 2025ರ ಮಳೆಗಾಲವಿಡೀ ನಡೆದೆ. ಗಾಡಿಯ ಮೇಲೆ ಹತ್ತು ನಿಮಿಷದಲ್ಲಿ ದಾಟುತ್ತಿದ್ದ ದಾರಿಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಹಳ್ಳದ ಪಕ್ಕದ ಬದುವಿನ ಮೇಲೆ ಕುರಿ ಕಾಯುವ ಮುದುಕನೊಬ್ಬ ಪರಿಚಯವಾದ. ನನಗಿಂತ ಹಿರಿಯ, ರಾಡಿಯಲ್ಲಿ ಬೆರಳುಗಳನ್ನು ಊರಿ ಹೆಜ್ಜೆ ಇಡುವುದನ್ನು ಅವನಿಂದ ಕಲಿತೆ. ಮೂರು ವರ್ಷ ಆ ದಾರಿಯಲ್ಲಿ ಓಡಾಡಿದ್ದರೂ ಅಲ್ಲೊಬ್ಬ ಮನುಷ್ಯ ಕುಳಿತಿರುತ್ತಾನೆಂಬುದು ನನಗೆ ತಿಳಿದಿರಲಿಲ್ಲ.

ಐವತ್ತೈದು ದಾಟಿಯೂ ಭಾರದ ಗಾಡಿ ಓಡಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಇಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೆತ್ತಗಿನ ನೆಲದ ಮೇಲೆ ನಿಮ್ಮ ಗಾಡಿಯನ್ನು ಮೆಲ್ಲಗೆ ಮಲಗಿಸಿ, ಒಬ್ಬರೇ ಎತ್ತಲು ಬರುತ್ತದೆಯೇ ನೋಡಿರಿ. ಸೊಂಟ ನೋವು, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮಾಡಬೇಡಿರಿ. ಬಂದರೆ ಸಂತೋಷ, ಬಾರದಿದ್ದರೆ ಯಾವ ದಾರಿಗೆ ಒಬ್ಬರೇ ಹೋಗಬಾರದು ಎಂಬುದಾದರೂ ತಿಳಿಯುತ್ತದೆ.

ಜೂನ್ ಮುಗಿಯುವುದರೊಳಗೆ ಶಿಷ್ಯ ಒಡ್ಡುಗಳನ್ನು ಸಮ ಮಾಡಿ, ಟೈರುಗಳನ್ನು ಶೆಡ್ಡಿಗೆ ಸೇರಿಸಿ ತೊಗರಿ ಬಿತ್ತಿದ. ನಾನು ಬಿದ್ದ ಜಾಗದಲ್ಲೂ ಸಾಲು ಸಾಲಾಗಿ ತೊಗರಿ ಎದ್ದಿತ್ತು. ರಾಶಿ ಮುಗಿದ ಮೇಲೆ ಫೆಬ್ರುವರಿಯಲ್ಲಿ ಮತ್ತೆ ಹೊಲ ತೆರವಾಗುತ್ತದೆ, ನನ್ನ ವಾರ್ಷಿಕ ಪರೀಕ್ಷೆಯೂ ಆಗಲೇ. ನೋಡಲು, ಕಲಿಯಲು, ಇಲ್ಲವೆ ಸುಮ್ಮನೆ ನಗಲು ಬರುವವರೆಲ್ಲ ಬರಬಹುದು. ಹೆಲ್ಮೆಟ್ ನಿಮ್ಮದು ನೀವು ತನ್ನಿರಿ. ರೊಟ್ಟಿ ಬುತ್ತಿ ನಮ್ಮ ಮನೆಯದು.